ಹೋಗೋ ದಾರಿ ಕಾಣೆ, ಬರೋ ದಾರಿಗೆ ಬಾಗಿಲಿಲ್ಲ

ನಮೂನೆ 6 ಅಂತ ಒಂದು ಸರ್ಕಾರಿ ಫಾರಂ ಇದೆ. ನಮ್ಮಲ್ಲಿ ಹೆಚ್ಚಿನವರು ಅದನ್ನ ನೋಡಿರಲ್ಲ. 18 ತುಂಬದ ಹುಡುಗನೋ ಹುಡುಗಿಯೋ ಪೊಲೀಸ್ ಕೇಸಿಗೆ ಸಿಕ್ಕಿ ಬಾಲನ್ಯಾಯ ಮಂಡಳಿಯ ಮುಂದೆ ಬಂದಾಗ, ಪರಿವೀಕ್ಷಣಾಧಿಕಾರಿ 15 ದಿನದೊಳಗೆ ಕೊಡಬೇಕಾದ ಸಾಮಾಜಿಕ ತನಿಖಾ ವರದಿಯ ನಮೂನೆ ಅದು. ಅಪ್ಪ ಅಮ್ಮ ಏನು ಮಾಡ್ತಾರೆ, ಮನೆಯಲ್ಲಿ ಯಾರಿಗೆ ಯಾರ ಜೊತೆ ಹೇಗಿದೆ, ಶಾಲೆ ಯಾಕೆ ಬಿಟ್ಟ, ಸ್ನೇಹಿತರು ಯಾರು, ಯಾರಾದ್ರೂ ಹೊಡೆದಿದ್ದಾರಾ, ಮೈಮೇಲೆ ಕೈ ಹಾಕಿದ್ದಾರಾ, ಎಲ್ಲವನ್ನೂ ಅದು ಕೇಳತ್ತೆ. ಹದಿನಾರು ವರ್ಷದ ಒಂದು ಬದುಕು ಕೆಲವೇ ಹಾಳೆಗಳಲ್ಲಿ ಮುಗಿದು ಹೋಗತ್ತೆ.

ಅದರಲ್ಲಿ 'ಅಭ್ಯಾಸಗಳು' ಅನ್ನೋ ಭಾಗ ನನಗೆ ಇಷ್ಟ ಆಯ್ತು. ಅಲ್ಲಿ ಎರಡು ಪಟ್ಟಿ ಇದೆ. ಮೊದಲನೆಯದರಲ್ಲಿ ಧೂಮಪಾನ, ಕುಡಿತ, ಮಾದಕ ವಸ್ತು, ಜೂಜು, ಭಿಕ್ಷೆ. ಎರಡನೆಯದರಲ್ಲಿ ಟೀವಿ-ಸಿನಿಮಾ ನೋಡೋದು, ಆಟ ಆಡೋದು, ಪುಸ್ತಕ ಓದೋದು, ಚಿತ್ರ ಬರೆಯೋದು, ಹಾಡೋದು. ಬೀಡಿ ಸೇದೋ ಹುಡುಗ ಚಿತ್ರಾನೂ ಬರೀಬಹುದು ಅಂತ ಈ ಫಾರಂ ಮಾಡಿದ ಯಾರಿಗೋ ಹೊಳೆದಿದೆ. ಸರ್ಕಾರಿ ಕಾಗದದಲ್ಲಿ ಇಷ್ಟು ಮನುಷ್ಯತ್ವ ಕಂಡರೆ ಮೆಚ್ಚಬೇಕು.

ನನ್ನ ತಕರಾರು ಇರೋದು ಫಾರಂ ತುಂಬಿದ ನಂತರದ ಕತೆಯ ಬಗ್ಗೆ. ಇದನ್ನ ಯಾರು ಓದಬಹುದು? ಆ ಹುಡುಗನಿಗೆ ಚಿಕಿತ್ಸೆ ಕೊಡೋ ಡಾಕ್ಟರಿಗೆ ಇದರಲ್ಲಿ ಎಷ್ಟು ಹೋಗಬೇಕು? ಡಾಕ್ಟರ್ ಹತ್ತಿರ ಅವನು ಹೇಳಿದ್ದು ವಾಪಸ್ ಎಲ್ಲಿಗೆ ಬರಬಹುದು?

ನಾನು ಓದಿದ್ದು ಬಿ.ಇ., ಕಾನೂನಲ್ಲ. ಆದರೆ ಯಾವ ಡೇಟಾವನ್ನ ಯಾರು ನೋಡಬಹುದು, ಯಾರು ನೋಡಬಾರದು, ನೋಡಿದ್ದು ಎಲ್ಲಿ ದಾಖಲಾಗತ್ತೆ, ಯಾವಾಗ ಅಳಿಸಿ ಹೋಗಬೇಕು, ಇದನ್ನ ಬರೆಯೋದೇ ನನ್ನ ಹೊಟ್ಟೆಪಾಡು. ಆ ಕಣ್ಣಿಂದಲೇ ನಮ್ಮ 2015ರ ಬಾಲನ್ಯಾಯ ಕಾಯ್ದೆ, ಅದರ 2016ರ ಮಾದರಿ ನಿಯಮಗಳು, 2017ರ ಮಾನಸಿಕ ಆರೋಗ್ಯ ಕಾಯ್ದೆ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಒಂದೊಂದೂ ಬಿಡಿಯಾಗಿ ಓದಿದ್ರೆ ಚೆನ್ನಾಗಿಯೇ ಇದೆ. ಒಂದರಿಂದ ಇನ್ನೊಂದಕ್ಕೆ ದಾಟೋ ಜಾಗದಲ್ಲಿ ನೆಲವೇ ಇಲ್ಲ.

ಒಳ್ಳೇದನ್ನ ಮೊದಲು ಹೇಳಿಬಿಡ್ತೀನಿ. ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಮೂಲ ತತ್ವಗಳ ಒಂದು ಪಟ್ಟಿ ಇದೆ. ಅದರಲ್ಲಿ ಖಾಸಗಿತನದ ಹಕ್ಕಿದೆ, 'ಹೊಸ ಆರಂಭ'ದ ತತ್ವವೂ ಇದೆ. ವಿಶೇಷ ಸಂದರ್ಭ ಬಿಟ್ಟರೆ ಮಗುವಿನ ಹಳೆಯ ದಾಖಲೆಗಳೆಲ್ಲ ಅಳಿಸಿ ಹೋಗಬೇಕು ಅನ್ನತ್ತೆ ಅದು. 74ನೇ ಸೆಕ್ಷನ್ ಪ್ರಕಾರ ಪತ್ರಿಕೆ, ಟೀವಿ ಯಾರೂ ಆ ಮಗುವಿನ ಗುರುತು ಬಿಟ್ಟುಕೊಡುವಂತಿಲ್ಲ. ಕೇಸು ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕೆ ಅಂತ ಪೊಲೀಸರು ಹಳೇ ದಾಖಲೆ ತೆಗೆದು ತೋರಿಸುವಂತಿಲ್ಲ. ಮಾದರಿ ನಿಯಮ 14ರ ಪ್ರಕಾರ ಶಿಕ್ಷೆಯ ದಾಖಲೆಯನ್ನ ಮೇಲ್ಮನವಿಯ ಅವಧಿ ಮುಗಿಯುವ ತನಕ ಅಥವಾ 7 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡಬೇಕು. ಘೋರ ಅಪರಾಧಕ್ಕೆ ವಯಸ್ಕನಂತೆ ವಿಚಾರಣೆಯಾಗಿ ತಪ್ಪಿತಸ್ಥ ಅಂತಾದವರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅಂದರೆ ಹೊರಗಿನ ಲೋಕಕ್ಕೆ ಈ ಕಡತದ ಬಾಗಿಲು ಗಟ್ಟಿಯಾಗಿಯೇ ಹಾಕಿದೆ.

ಈಗ ಒಳಗಿನ ಬಾಗಿಲು ನೋಡೋಣ.

93ನೇ ಸೆಕ್ಷನ್ ಹೇಳತ್ತೆ: ವೀಕ್ಷಣಾಲಯದಲ್ಲಿರೋ ಮಗುವಿಗೆ ಮಾನಸಿಕ ಕಾಯಿಲೆ ಇದೆ ಅಥವಾ ಕುಡಿತದ, ಮಾದಕ ವಸ್ತುವಿನ ಚಟ ಇದೆ ಅಂತ ಕಂಡರೆ ಮಂಡಳಿ ಅದನ್ನ ಮನೋರೋಗ ಆಸ್ಪತ್ರೆಗೋ ವ್ಯಸನಿಗಳ ಪುನರ್ವಸತಿ ಕೇಂದ್ರಕ್ಕೋ ಕಳಿಸಬಹುದು. ಸರಿ. 99ನೇ ಸೆಕ್ಷನ್ ಹೇಳತ್ತೆ: ಮಂಡಳಿ ಪರಿಗಣಿಸಿದ ಮಗುವಿನ ವರದಿಗಳೆಲ್ಲ ಗೋಪ್ಯ. ಬೇಕೆನಿಸಿದರೆ ಅದರ ಸಾರಾಂಶವನ್ನ ಇನ್ನೊಂದು ಮಂಡಳಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಮಗುವಿಗೆ, ಅಪ್ಪ ಅಮ್ಮನಿಗೆ ಅಥವಾ ಪೋಷಕರಿಗೆ ತಿಳಿಸಬಹುದು. ಇದೂ ಸರಿ. ಆದರೆ ಆ ಪಟ್ಟಿಯನ್ನ ಇನ್ನೊಂದು ಸಲ ಓದಿ. ಡಾಕ್ಟರ್ ಎಲ್ಲಿ?

ಇಲ್ಲ. ಒಂದು ಸೆಕ್ಷನ್ ಮಗುವನ್ನ ಆಸ್ಪತ್ರೆಗೆ ಕಳಿಸತ್ತೆ, ಇನ್ನೊಂದು ಸೆಕ್ಷನ್ ವರದಿ ಯಾರಿಗೆ ಹೋಗಬಹುದು ಅಂತ ಎಣಿಸುವಾಗ ಆಸ್ಪತ್ರೆಯನ್ನೇ ಮರೆಯತ್ತೆ. ಮಗು ಹೋಯ್ತು, ಅದರ ಜೊತೆ ಏನು ಹೋಗಬೇಕು ಅಂತ ಯಾರೂ ಬರೆದಿಲ್ಲ.

ಕಾನೂನು ಸುಮ್ಮನಿದ್ದ ಕಡೆ ರೂಢಿ ಮಾತಾಡತ್ತೆ. ಒಬ್ಬ ಅಧಿಕಾರಿ ಗೋಪ್ಯತೆಗೆ ಹೆದರಿ 'ಚಿಕಿತ್ಸೆಗಾಗಿ ಕಳುಹಿಸಲಾಗಿದೆ' ಅನ್ನೋ ಒಂದೇ ಸಾಲಿನ ಪತ್ರ ಕೊಡಬಹುದು. ಇನ್ನೊಬ್ಬರು ಒಳ್ಳೇ ಮನಸ್ಸಿಂದಲೇ ಇಡೀ ನಮೂನೆ 6 ಜೆರಾಕ್ಸ್ ಮಾಡಿಸಿ ಲಗತ್ತಿಸಬಹುದು. ಎರಡೂ ತಪ್ಪು. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಒಂದು ಸಾಲಿನ ಪತ್ರದಿಂದ ಏನಾಗತ್ತೆ? ನಮ್ಮ ದೇಶದಲ್ಲಿ ಮಾದಕ ವಸ್ತು ಬಳಕೆಯ ಬಗ್ಗೆ ಏಮ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಲ್ಲಿ ಒಂದೇ ಒಂದು ವಿಭಾಗದಲ್ಲಿ ದೊಡ್ಡವರಿಗಿಂತ ಮಕ್ಕಳು ಮುಂದಿದ್ದರು. ಮೂಗಿನಿಂದ ಎಳೆಯೋ ವಸ್ತುಗಳಲ್ಲಿ. ದೊಡ್ಡವರಲ್ಲಿ ಶೇ. 0.58, ಮಕ್ಕಳಲ್ಲಿ ಶೇ. 1.17. ಪಂಕ್ಚರ್ ಅಂಗಡಿಯ ಸಲ್ಯೂಷನ್, ಸ್ಟೇಷನರಿ ಅಂಗಡಿಯ ವೈಟ್ನರ್, ಬಟ್ಟೆಗೆ ಹಚ್ಚಿಕೊಂಡು ಎಳೆಯೋ ಥಿನ್ನರ್. ಮೆಜೆಸ್ಟಿಕ್ ಕಡೆ ರಾತ್ರಿ ಬಸ್ಸಿಗೆ ಕಾದವರಿಗೆ ಇದನ್ನ ವಿವರಿಸಬೇಕಿಲ್ಲ. ಕೆಲವು ಹುಡುಗರು ನಿದ್ರೆ ಮಾತ್ರೆಯನ್ನೂ ನುಂಗ್ತಾರೆ. ದಿನಾ ನುಂಗುತ್ತಿದ್ದ ನಿದ್ರೆ ಮಾತ್ರೆ ಏಕಾಏಕಿ ನಿಂತರೆ ಫಿಟ್ಸ್ ಬರಬಹುದು. ಹುಡುಗ ವೀಕ್ಷಣಾಲಯಕ್ಕೆ ಬಂದು ಎರಡೋ ಮೂರೋ ದಿನಕ್ಕೆ ನೆಲಕ್ಕೆ ಬಿದ್ದು ಒದ್ದಾಡಿದರೆ, ಗೊತ್ತಿಲ್ಲದವರು 'ನಾಟಕ ಆಡ್ತಾನೆ' ಅಂದುಬಿಡ್ತಾರೆ. ಏನು ತಗೋತಿದ್ದ, ಎಷ್ಟು ದಿನದಿಂದ, ಕೊನೇ ಸಲ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ, ಪ್ರಾಣ ತೆಗೆದುಕೊಳ್ಳೋ ಪ್ರಯತ್ನ ಮಾಡಿದ್ದನಾ, ಈಗ ಯಾವ ಔಷಧಿ ನಡೀತಿದೆ? ಈ ಐದಾರು ಉತ್ತರ ಡಾಕ್ಟರಿಗೆ ಅದೇ ದಿನ ಬೇಕು. ಅದರಲ್ಲಿ ಕೆಲವು ನಮೂನೆ 6ರಲ್ಲೇ ಇರತ್ತೆ, ಮಂಡಳಿಯ ಕಡತದಲ್ಲಿ, ಬೀರುವಿನೊಳಗೆ. ಇಲ್ಲಿ ಗೋಪ್ಯತೆ ಅನ್ನೋದು ಹುಡುಗನನ್ನ ಕಾಪಾಡ್ತಿಲ್ಲ. ಬೀರುವನ್ನ ಕಾಪಾಡ್ತಿದೆ.

ಹಾಗಂತ ಇಡೀ ವರದಿ ಕಳಿಸಿದರೆ? ಯಾರ ಮೊಬೈಲ್ ಕಿತ್ತುಕೊಂಡ, ಜೊತೆಗೆ ಯಾರಿದ್ದರು, ಅವನ ಅಕ್ಕ ಯಾರ ಜೊತೆ ಮನೆ ಬಿಟ್ಟು ಹೋದಳು, ಇವೆಲ್ಲ ವಾರ್ಡಿನ ಕಡತಕ್ಕೆ ಸೇರತ್ತೆ. ಫಿಟ್ಸ್ ನಿಲ್ಲಿಸೋಕೆ ಇದು ಯಾವುದೂ ಬೇಡ. ಆದರೆ ಔಷಧಿ ಕೊಡೋ ಸಿಬ್ಬಂದಿ ಕಣ್ಣಿಗೆ ಅವತ್ತಿಂದ ಆ ಹುಡುಗ ರೋಗಿ ಅಲ್ಲ, ಕೇಸು.

ಇದು ಊರಲ್ಲಿ ಬೆಳೆದವರಿಗೆ ಬೇಗ ಅರ್ಥ ಆಗತ್ತೆ. ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ಕೋಣೆಗೆ ಬಾಗಿಲಿತ್ತು, ಹಾಕ್ತಿರಲಿಲ್ಲ. ಸಾಲಲ್ಲಿ ನಿಂತ ಇಪ್ಪತ್ತು ಜನಕ್ಕೆ ಕೇಳೋ ಹಾಗೆ 'ಏನಪ್ಪಾ, ಬಿಟ್ಯೋ ಇನ್ನೂ ಕುಡೀತಾನೇ ಇದ್ದೀಯೋ?' ಅನ್ನೋ ಪ್ರಶ್ನೆ ಬರೋದು. ಕೇಳಿದವರದ್ದು ಕೆಟ್ಟ ಮನಸ್ಸಲ್ಲ, ಸಲಿಗೆ. ಆದರೆ ಕೇಳಿಸಿಕೊಂಡ ಮನುಷ್ಯ ಮುಂದಿನ ಸಲ ಸಾಲಿಗೇ ಬರ್ತಿರಲಿಲ್ಲ. ಊರಲ್ಲಿ ಮಾಹಿತಿಗೆ 7 ವರ್ಷದ ಗಡುವಿಲ್ಲ. ಹತ್ತನೇ ವಯಸ್ಸಲ್ಲಿ ತೆಂಗಿನಕಾಯಿ ಕದ್ದವನು ಮೊಮ್ಮಕ್ಕಳನ್ನ ಎತ್ತಿಕೊಂಡ ಮೇಲೂ 'ಕಾಯಿ ಕಳ್ಳ'ನೇ. ಇಂಥ ನೆನಪಿನಿಂದ ಮಕ್ಕಳನ್ನ ಬಿಡಿಸಲಿ ಅಂತಲೇ ಕಾನೂನು ಹೊಸ ಆರಂಭದ ಮಾತಾಡಿದ್ದು.

ಇಲ್ಲಿ ತನಕ ಹೇಳಿದ್ದು ಹೋಗೋ ದಾರಿಯ ಕತೆ. ಬರೋ ದಾರಿಯ ಕತೆ ಇದಕ್ಕಿಂತ ಗಂಭೀರ.

ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ರೋಗಿಗೆ ಗೋಪ್ಯತೆಯ ಹಕ್ಕು ಕೊಡತ್ತೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಇನ್ನೊಬ್ಬ ಡಾಕ್ಟರಿಗೆ ಚಿಕಿತ್ಸೆಗೆ ಬೇಕಾದಾಗ, ಯಾರದ್ದಾದರೂ ಜೀವಕ್ಕೆ ಅಪಾಯ ಇದ್ದಾಗ, ಇವೆಲ್ಲ ಸರಿಯಾದವೇ. ಹೈಕೋರ್ಟ್, ಸುಪ್ರೀಂ ಕೋರ್ಟ್ ಆದೇಶಿಸಿದಾಗಲೂ ಮಾಹಿತಿ ಕೊಡಬೇಕು. ಅದರ ಬೆನ್ನಿಗೇ ಇನ್ನೊಂದು ಮಾತಿದೆ: ಅಧಿಕಾರ ಇರೋ 'ಬೇರೆ ಯಾವುದೇ ಶಾಸನಬದ್ಧ ಪ್ರಾಧಿಕಾರ' ಆದೇಶಿಸಿದರೂ ಸರಿ. ಬಾಲನ್ಯಾಯ ಮಂಡಳಿ ಶಾಸನದಿಂದಲೇ ಹುಟ್ಟಿದ್ದು. ಅಂದರೆ ಯಾರ ಕಿವಿಗೆ ಬೀಳಬಾರದು ಅಂತ ಹುಡುಗ ಹೆದರ್ತಾನೋ, ಅವರು ಇದೇ ಬಾಗಿಲಿಂದ ಒಳಗೆ ಬರಬಹುದು. ಜೊತೆಗೆ ಇದನ್ನೂ ಗಮನಿಸಿ: ವಕೀಲರ ಹತ್ತಿರ ಕಕ್ಷಿದಾರ ಹೇಳಿದ ಮಾತಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇದೆ. ಡಾಕ್ಟರ್ ಹತ್ತಿರ ರೋಗಿ ಹೇಳಿದ್ದಕ್ಕೆ ಆ ಥರದ ರಕ್ಷಣೆ ಇಲ್ಲ.

ಇದು ಎಲ್ಲಿ ಕಚ್ಚತ್ತೆ ಅಂದ್ರೆ 15ನೇ ಸೆಕ್ಷನ್‌ನಲ್ಲಿ. ದೆಹಲಿಯ 2012ರ ಘಟನೆಯ ನಂತರದ ಆಕ್ರೋಶದಲ್ಲಿ 2015ರ ಕಾಯ್ದೆ ಬಂತು. 16ರಿಂದ 18ರ ನಡುವಿನ ಮಕ್ಕಳ ಮೇಲೆ ಘೋರ ಅಪರಾಧದ ಆರೋಪ ಇದ್ದರೆ, ಅವರನ್ನ ವಯಸ್ಕರಂತೆ ವಿಚಾರಣೆ ಮಾಡಬೇಕಾ ಅಂತ ತೀರ್ಮಾನಿಸೋಕೆ ಮಂಡಳಿ 'ಪ್ರಾಥಮಿಕ ಮೌಲ್ಯಮಾಪನ' ಮಾಡತ್ತೆ. ಅದರಲ್ಲಿ ನೋಡೋದು ಮೂರು: ಅಪರಾಧ ಮಾಡೋ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮ ಅರ್ಥ ಮಾಡಿಕೊಳ್ಳೋ ಶಕ್ತಿ, ಮತ್ತು ಯಾವ ಸನ್ನಿವೇಶದಲ್ಲಿ ಅಪರಾಧ ಮಾಡಿದ ಎನ್ನಲಾಗಿದೆಯೋ ಆ ಸನ್ನಿವೇಶ. ಇದಕ್ಕೆ ಮನಶ್ಶಾಸ್ತ್ರಜ್ಞರ ಸಹಾಯ 'ಪಡೆಯಬಹುದು' ಅಂತ ಕಾಯ್ದೆ ಹೇಳಿತ್ತು. ಮಂಡಳಿಯಲ್ಲೇ ಅಂಥ ತಜ್ಞರು ಇಲ್ಲದಿದ್ದರೆ ಅದನ್ನ 'ಪಡೆಯಲೇಬೇಕು' ಅಂತ ಓದಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯ ತೀರ್ಪು. ಆದರೆ ಅದರ ಜೊತೆಗೇ ಮಾನಸಿಕ ಆರೋಗ್ಯದವರು ಈ ವ್ಯವಸ್ಥೆಯ ಒಳಗೆ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದರು.

ಮೂರನೇ ಪ್ರಶ್ನೆಯನ್ನ ಮತ್ತೆ ನೋಡಿ. ಯಾವ ಸನ್ನಿವೇಶದಲ್ಲಿ ಮಾಡಿದೆ? ವಿಚಾರಣೆ ಇನ್ನೂ ಶುರುವೇ ಆಗಿಲ್ಲ. ನಿಯಮ 10ಎ ಈ ಹಂತದಲ್ಲಿ ಮಗುವನ್ನ ನಿರಪರಾಧಿ ಅಂತಲೇ ಭಾವಿಸಬೇಕು ಅನ್ನತ್ತೆ. ಆದರೆ ಉತ್ತರ ಕೊಡಬೇಕಾದರೆ ಹುಡುಗ 'ನಾನು ಮಾಡಿದೆ' ಅನ್ನೋದರಿಂದಲೇ ಶುರು ಮಾಡಬೇಕು. 'ನಾನು ಮಾಡೇ ಇಲ್ಲ' ಅಂದರೆ ಸಹಕರಿಸ್ತಿಲ್ಲ, ಪಶ್ಚಾತ್ತಾಪ ಇಲ್ಲ ಅನ್ನಿಸಿಕೊಳ್ಳೋ ಭಯ.

ಈಗ ಒಬ್ಬ ಹುಡುಗನನ್ನ ಊಹಿಸಿಕೊಳ್ಳಿ. 17 ವರ್ಷ, ಕೊಲೆಯ ಆರೋಪ, ಎರಡು ವರ್ಷದ ಸಲ್ಯೂಷನ್ ಚಟ. ಚಟ ಬಿಡಿಸೋ ಆಪ್ತಸಮಾಲೋಚಕರ ಹತ್ತಿರ ವಾರಗಟ್ಟಲೆ ಬಾಯಿ ಬಿಟ್ಟಿಲ್ಲ. ಐದನೇ ಸಲವೋ ಆರನೇ ಸಲವೋ ಮೆಲ್ಲಗೆ ಅಂತಾನೆ: 'ಸಾರ್, ಅವತ್ತು ಜಾಸ್ತಿ ಎಳೆದಿದ್ದೆ. ಚಾಕು ನನ್ನ ಕೈಲಿತ್ತು ಅಂತಾರೆ. ಇತ್ತೇನೋ.' ಚಿಕಿತ್ಸೆಯ ದೃಷ್ಟಿಯಿಂದ ಅವತ್ತು ಮೊದಲ ಸಲ ಬೀಗ ಸಡಿಲವಾಯ್ತು. ಅದೇ ಸಾಲು ಆಪ್ತಸಮಾಲೋಚಕರ ಟಿಪ್ಪಣಿಯಿಂದ ಪ್ರಗತಿ ವರದಿಗೆ, ಅಲ್ಲಿಂದ ಮಂಡಳಿಗೆ, ಅಲ್ಲಿಂದ ಮಕ್ಕಳ ನ್ಯಾಯಾಲಯಕ್ಕೆ ಹೋಯ್ತು ಅಂದರೆ? ಚಿಕಿತ್ಸೆಯ ಕೋಣೆ ತನಿಖೆಯ ಕೋಣೆ ಆಯ್ತು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷ್ಯ ಆಗಲ್ಲ ಅಂತ ನಾವೆಲ್ಲ ಸಿನಿಮಾ ನೋಡೇ ಕಲಿತಿದ್ದೀವಿ. ಆಪ್ತಸಮಾಲೋಚಕರ ಮುಂದೆ ಹೇಳಿದ್ದು ಆಗಲ್ಲ ಅಂತ ಯಾವ ಸಾಲೂ ಇಲ್ಲ.

ಈ ವಿಷಯದಲ್ಲಿ ನಮ್ಮ ರಾಜ್ಯದ ಹೆಸರು ಹೊತ್ತ ತೀರ್ಪೇ ದಾರಿ ತೋರಿಸಬಹುದಿತ್ತು. 2010ರ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಅನ್ನೋ ಸಂವಿಧಾನದ 20(3)ನೇ ವಿಧಿಯೇ ಅದಕ್ಕೆ ಆಧಾರ. ಮದ್ದು ಚುಚ್ಚಿ ಬಾಯಿ ಬಿಡಿಸೋದು ತಪ್ಪು ಅಂತ ಒಪ್ಪಿಕೊಂಡಿದ್ದೀವಿ. ನಂಬಿಸಿ ಬಾಯಿ ಬಿಡಿಸಿ, ಆ ನಂಬಿಕೆಯನ್ನೇ ಕಡತಕ್ಕೆ ಸೇರಿಸೋದು ಅದಕ್ಕಿಂತ ಎಷ್ಟು ಒಳ್ಳೇದು? ಚಿಕಿತ್ಸೆಗೆ ಹೋಗು ಅಂತ ಆದೇಶ ಮಾಡಿದ್ದೇ ಮಂಡಳಿ. ಹುಡುಗನಿಗೆ ಅಲ್ಲಿ ಬೇರೆ ಆಯ್ಕೆ ಏನಿತ್ತು?

ಬೇರೆ ಕಡೆ ಹೇಗಿದೆ ಅಂತ ನೋಡಿದರೆ, ಅಮೆರಿಕದವರು 1970ರ ದಶಕದಲ್ಲೇ ಒಂದು ಕಟ್ಟುನಿಟ್ಟಿನ ನಿಯಮ ಮಾಡಿಕೊಂಡರು. ಅದನ್ನ ಅಲ್ಲಿ ಚಿಕ್ಕದಾಗಿ 'ಪಾರ್ಟ್ 2' ಅಂತಾರೆ. ಸರ್ಕಾರಿ ನೆರವಿನ ವ್ಯಸನ ಚಿಕಿತ್ಸಾ ಕೇಂದ್ರದ ದಾಖಲೆಯನ್ನ ರೋಗಿಯ ಒಪ್ಪಿಗೆ ಅಥವಾ ವಿಶೇಷ ಕೋರ್ಟ್ ಆದೇಶ ಇಲ್ಲದೆ ಅವನ ಮೇಲೆ ಕ್ರಿಮಿನಲ್ ಕೇಸು ನಡೆಸೋಕೆ ಬಳಸುವಂತಿಲ್ಲ. ಹಿಂದಿನ ತರ್ಕ ಸರಳ. ಚಿಕಿತ್ಸೆಗೆ ಹೋದರೆ ಪೊಲೀಸರಿಗೆ ಗೊತ್ತಾಗತ್ತೆ ಅಂತಾದರೆ ಯಾರೂ ಚಿಕಿತ್ಸೆಗೇ ಹೋಗಲ್ಲ. ಪೆನ್ಸಿಲ್ವೇನಿಯಾ ರಾಜ್ಯ 2008ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೀರ್ಪಿಗೆ ಮುಂಚಿನ ತಪಾಸಣೆ, ಮೌಲ್ಯಮಾಪನದಲ್ಲಿ ಮಗು ಹೇಳಿದ್ದನ್ನ ಅದು ಅಪರಾಧ ಮಾಡಿತೋ ಇಲ್ಲವೋ ಅಂತ ಸಾಬೀತು ಮಾಡೋಕೆ ಬಳಸಬಾರದು ಅಂತ ಬರೆದಿಟ್ಟಿತು. ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಮಕ್ಕಳನ್ನ ದೊಡ್ಡವರ ಕೋರ್ಟಿಗೆ ಕಳಿಸೋದರಲ್ಲಿ ಅವರು ನಮಗಿಂತ ಬಹಳ ಮುಂದೆ. ಆದರೆ 2024ರಲ್ಲಿ ಪಾರ್ಟ್ 2 ತಿದ್ದಿದಾಗ ಅವರು ಮಾಡಿದ್ದು ಗಮನಿಸಬೇಕಾದ್ದು. ಆಸ್ಪತ್ರೆಗಳ ನಡುವೆ ಚಿಕಿತ್ಸೆಗಾಗಿ ಮಾಹಿತಿ ಹೋಗೋದನ್ನ ಸಡಿಲ ಮಾಡಿದರು. ರೋಗಿಯ ವಿರುದ್ಧದ ಕೇಸಿಗೆ ಬಳಸಬಾರದು ಅನ್ನೋದನ್ನ ಮಾತ್ರ ಬಿಡಲಿಲ್ಲ.

ಈ ತರ್ಕ ನಮಗೆ ಹೊಸದೇನಲ್ಲ. ನಮ್ಮ ಮಾದಕ ವಸ್ತು ಕಾಯ್ದೆಯ 64ಎ ಸೆಕ್ಷನ್ ನೋಡಿ. ಸ್ವಂತ ಬಳಕೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಅವನ ಮೇಲೆ ಕೇಸು ನಡೆಸಲ್ಲ ಅನ್ನತ್ತೆ. ದೊಡ್ಡವರಿಗೆ ಕೊಟ್ಟ ಆ ಭರವಸೆಯ ಒಂದು ತುಂಡನ್ನಾದರೂ, ಆದೇಶದ ಮೇಲೆ ಚಿಕಿತ್ಸೆಗೆ ಹೋದ ಮಗುವಿಗೆ ಕೊಡೋಕೆ ಏನು ಅಡ್ಡಿ?

ನಮ್ಮೂರಲ್ಲಿ ಬಾವಿಗೆ ಪೈಪ್ ಇಳಿಬಿಟ್ಟಾಗ ತುದಿಗೆ ಫುಟ್‌ವಾಲ್ವ್ ಹಾಕ್ತಿದ್ದರು. ನೀರು ಮೇಲೆ ಹೋಗಬಹುದು, ಮೋಟಾರ್ ನಿಂತಾಗ ವಾಪಸ್ ಬಾವಿಗೆ ಇಳಿಯೋ ಹಾಗಿಲ್ಲ. ಆ ವಾಲ್ವ್ ಕೆಟ್ಟರೆ ಎಷ್ಟು ದೊಡ್ಡ ಮೋಟಾರ್ ಇದ್ದರೂ ಗಾಳಿ ಎಳೀತಾ ಕೂರತ್ತೆ. ಈ ಮಕ್ಕಳ ಮಾಹಿತಿಗೆ ಬೇಕಾಗಿರೋದು ಅದೇ. ಮಂಡಳಿಯಿಂದ ಚಿಕಿತ್ಸೆ ಕಡೆಗೆ ಬೇಕಾದಷ್ಟು ಹೋಗಬೇಕು, ಚಿಕಿತ್ಸೆಯಿಂದ ಕೇಸಿನ ಕಡೆಗೆ ಇಳಿಯಬಾರದು. ನಾವು ಕಟ್ಟಿರೋದು ಇದರ ತದ್ವಿರುದ್ಧ. ಹೋಗೋ ದಾರಿಯನ್ನ ಬರೆದೇ ಇಲ್ಲ, ಬರೋ ದಾರಿಗೆ ಬಾಗಿಲೇ ಇಟ್ಟಿಲ್ಲ.

ನಮ್ಮ ಕ್ಷೇತ್ರದವರು ಇದಕ್ಕೆ ಕೊಡೋ ಪರಿಹಾರ ನನಗೆ ಗೊತ್ತು. ಎಲ್ಲವನ್ನೂ ಒಂದೇ ಪೋರ್ಟಲ್‌ಗೆ ತನ್ನಿ, ಎಪಿಐ ಬರೆಯಿರಿ, ಡ್ಯಾಶ್‌ಬೋರ್ಡ್ ಹಾಕಿ. ಈಗಾಗಲೇ ಪೊಲೀಸ್, ಕೋರ್ಟ್, ಜೈಲು, ವಿಧಿವಿಜ್ಞಾನ ಪ್ರಯೋಗಾಲಯ, ಪ್ರಾಸಿಕ್ಯೂಷನ್ ಐದನ್ನೂ ಬೆಸೆಯೋ ಐಸಿಜೆಎಸ್ ಅನ್ನೋ ಜಾಲ ಇದೆ. ಇನ್ನೊಂದು ಕಡೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಲ್ಲರಿಗೂ 14 ಅಂಕಿಯ ಆರೋಗ್ಯ ಸಂಖ್ಯೆ ಕೊಡ್ತಿದೆ. ಎರಡೂ ಬೇರೆ ಬೇರೆ ಲೋಕ. ಆದರೆ 'ಮಕ್ಕಳ ಒಳ್ಳೇದಕ್ಕೇ' ಅಂತ ಇವೆರಡರ ಮಧ್ಯೆ ಒಂದು ಸೇತುವೆ ಹಾಕೋಣ ಅನ್ನೋ ಸ್ಲೈಡ್ ಯಾವ ಮೀಟಿಂಗಿನಲ್ಲಿ ಬೇಕಾದರೂ ಬರಬಹುದು. ಬರೋ ಮುಂಚೆ ನಿಯಮ ಬರೆದಿರಬೇಕು. ಸಾಫ್ಟ್‌ವೇರ್ ನಿಯಮ ಹುಟ್ಟಿಸಲ್ಲ. ಇರೋ ನಿಯಮವನ್ನೂ, ಇಲ್ಲದಿರೋ ನಿಯಮವನ್ನೂ ವೇಗವಾಗಿ ಓಡಿಸತ್ತೆ, ಅಷ್ಟೇ.

ಅಳಿಸೋ ವಿಷಯವನ್ನೇ ತಗೊಳ್ಳಿ. ಡೇಟಾಬೇಸಿನಲ್ಲಿ ಒಂದು ಸಾಲು ಅಳಿಸೋದು ಸುಲಭ. ಅದರ ಬ್ಯಾಕಪ್, ರಿಪೋರ್ಟ್, ಯಾರದ್ದೋ ಮೇಲ್‌ನಲ್ಲಿ ಉಳಿದ ಎಕ್ಸೆಲ್, ಇದನ್ನೆಲ್ಲ ಹುಡುಕಿ ಅಳಿಸೋದು ಎಷ್ಟು ಕಷ್ಟ ಅಂತ ಈ ಕೆಲಸ ಮಾಡಿದವರಿಗೆ ಗೊತ್ತು. ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ದಾಖಲೆ ನಾಶ ಮಾಡೋ ಆದೇಶ ಹೋಗೋದು ಪೊಲೀಸರಿಗೆ ಮತ್ತು ಕೋರ್ಟಿನ ಕಚೇರಿಗೆ. ಆಸ್ಪತ್ರೆಗೆ ಹೋದ ಜೆರಾಕ್ಸ್? ವ್ಯಸನಮುಕ್ತಿ ಕೇಂದ್ರದ ದಾಖಲಾತಿ ಪುಸ್ತಕದಲ್ಲಿ 'ಕಳುಹಿಸಿದವರು: ಬಾಲನ್ಯಾಯ ಮಂಡಳಿ' ಅಂತ ಬರೆದ ಸಾಲು? ಆ ಸೆಕ್ಷನ್‌ನಲ್ಲಿ ಅವುಗಳ ಪ್ರಸ್ತಾಪ ಇಲ್ಲ. ಮೂಲ ಸುಟ್ಟು ನಕಲು ಉಳಿಸಿಕೊಂಡರೆ ಅದನ್ನ ನಾಶ ಅನ್ನಲ್ಲ.

2023ರ ಡಿಜಿಟಲ್ ಡೇಟಾ ಸಂರಕ್ಷಣಾ ಕಾಯ್ದೆ ಕಾಪಾಡತ್ತೆ ಅಂತ ನೀವು ಹೇಳಬಹುದು. ಅದು ಮಕ್ಕಳ ಡೇಟಾಗೆ ಪೋಷಕರ ಒಪ್ಪಿಗೆ ಕೇಳತ್ತೆ, ನಿಜ. ಆದರೆ ನ್ಯಾಯಿಕ ಕೆಲಸಕ್ಕೆ, ಅಪರಾಧ ತನಿಖೆಗೆ ಅದರಲ್ಲೂ ವಿನಾಯಿತಿ ಇದೆ. ಮೇಲಾಗಿ ಇಂಥ ಮನೆಗಳಲ್ಲಿ ಮಗುವಿನ ಪರವಾಗಿ ಸಹಿ ಹಾಕೋ ಅಪ್ಪನೇ ಮೊದಲ ಗ್ಲಾಸ್ ಕೊಟ್ಟವನಾಗಿರಬಹುದು.

ಇದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ, ಎರಡನ್ನೂ ತಳ್ಳಿಹಾಕುವಂತಿಲ್ಲ. ಒಂದು, ನೊಂದವರ ಕತೆ ಏನು? 99ನೇ ಸೆಕ್ಷನ್‌ನ ಎರಡನೇ ಭಾಗವೇ ಸಂತ್ರಸ್ತರಿಗೆ ಕೇಸಿನ ದಾಖಲೆ, ಆದೇಶಗಳನ್ನ ನಿರಾಕರಿಸಬಾರದು ಅನ್ನತ್ತೆ. ಅದು ಇರಲೇಬೇಕು. ಮಗನನ್ನ ಕಳಕೊಂಡ ತಾಯಿಗೆ ಕೇಸು ಎಲ್ಲಿಗೆ ಬಂತು ಅಂತ ತಿಳಿಯೋ ಹಕ್ಕಿದೆ. ಆದರೆ ಆ ಹಕ್ಕು ತನಿಖೆ ಸರಿಯಾಗಿ ನಡೆಯೋದರಿಂದ ಈಡೇರಬೇಕು. ತನಿಖೆ ಮಾಡಬೇಕಾದವರ ಕೆಲಸವನ್ನ ಆಪ್ತಸಮಾಲೋಚಕರ ನೋಟ್‌ಬುಕ್ ಮಾಡಿಕೊಡಬಾರದು. ಎರಡು, ಹುಡುಗ ಹೊರಗೆ ಹೋಗಿ ಯಾರಿಗಾದರೂ ಏನಾದರೂ ಮಾಡ್ತೀನಿ ಅಂದರೆ? ಆಗ ಹೇಳಲೇಬೇಕು, 23ನೇ ಸೆಕ್ಷನ್‌ನಲ್ಲಿ ಅದಕ್ಕೆ ಜಾಗ ಈಗಲೇ ಇದೆ. ನಾಳೆಯ ಅಪಾಯ ತಡೆಯೋಕೆ ಬಾಯಿ ಬಿಡೋದು ಒಂದು, ನಿನ್ನೆಯ ಕೇಸು ಗೆಲ್ಲೋಕೆ ಬಾಯಿ ಬಿಡಿಸೋದು ಇನ್ನೊಂದು.

ಹಾಗಾದರೆ ಏನು ಮಾಡಬಹುದು? ಇದಕ್ಕೆ ಹೊಸ ಪೋರ್ಟಲ್ ಬೇಡ, ನಿಯಮಗಳಲ್ಲಿ ಕೆಲವು ಸಾಲು ಸಾಕು. ಮಗು ಆಸ್ಪತ್ರೆಗೆ ಹೋಗುವಾಗ ಜೊತೆಗೆ ಹೋಗಬೇಕಾದ ಒಂದು ಪುಟದ ಆರೋಗ್ಯ ಚೀಟಿ ಮಾಡಿ: ನಾನು ಮೇಲೆ ಹೇಳಿದ ಐದಾರು ಪ್ರಶ್ನೆ, ಉತ್ತರ, ಅಷ್ಟೇ. ಆರೋಪ ಏನು ಅನ್ನೋ ಕಾಲಂ ಇಲ್ಲದ ಚೀಟಿ. ಚಿಕಿತ್ಸೆಯಿಂದ ಮಂಡಳಿಗೆ ಏನು ಬರಬಹುದು ಅಂತ ಎಣಿಸಿ ಬರೆಯಿರಿ: ಬರ್ತಿದ್ದಾನಾ, ಚಿಕಿತ್ಸೆ ಮುಂದುವರಿಯಬೇಕಾ, ಎಷ್ಟು ದಿನ. ಅವನು ಹೇಳಿದ ಮಾತು ಅಲ್ಲಿಂದ ಬರಬಾರದು, ಬಂದರೂ 15ನೇ ಸೆಕ್ಷನ್‌ನ ಮೌಲ್ಯಮಾಪನದಲ್ಲಾಗಲಿ ವಿಚಾರಣೆಯಲ್ಲಾಗಲಿ ಲೆಕ್ಕಕ್ಕೆ ಬರಬಾರದು. ಮೌಲ್ಯಮಾಪನ ಮಾಡೋರು ಮತ್ತು ಚಿಕಿತ್ಸೆ ಮಾಡೋರು ಬೇರೆ ಬೇರೆ ಇರಬೇಕು. ಯಾರಿಗೆ ಯಾವ ನಕಲು ಹೋಯ್ತು ಅಂತ ಕಡತದ ಮೊದಲ ಹಾಳೆಯಲ್ಲಿ ಪಟ್ಟಿ ಇರಲಿ. ನಾಶ ಮಾಡೋ ದಿನ ಬಂದಾಗ ಆ ಪಟ್ಟಿಯಲ್ಲಿರೋ ಎಲ್ಲರಿಗೂ ಆದೇಶ ಹೋಗಲಿ.

ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೇ ಕೇಂದ್ರ ಸರ್ಕಾರದ 'ಸಂವಾದ್' ಅನ್ನೋ ರಾಷ್ಟ್ರೀಯ ಕಾರ್ಯಕ್ರಮ ಇದೆ. ಕಷ್ಟದಲ್ಲಿರೋ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಅಂತಲೇ ಇರೋದು ಅದು. ಚೀಟಿ ಬರೆಯೋಕೆ ಬೇಕಾದ ಜ್ಞಾನ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಅದನ್ನ ನಿಯಮ ಅಂತ ಬರೆಯೋ ಮನಸ್ಸು ಬೇಕು.

ಚಿಕಿತ್ಸೆಯ ಮೊದಲ ದಿನ ಬಹಳಷ್ಟು ಹುಡುಗರು ಕೇಳಬಹುದಾದ ಪ್ರಶ್ನೆ ಒಂದೇ: 'ನಾನು ಹೇಳಿದ್ದನ್ನ ಯಾರಿಗೆ ಹೇಳ್ತೀರಾ?' ಇವತ್ತು ಒಬ್ಬ ಪ್ರಾಮಾಣಿಕ ಆಪ್ತಸಮಾಲೋಚಕರು ಅದಕ್ಕೆ ಕೊಡಬೇಕಾದ ಉತ್ತರ, 'ಯಾರಿಗೂ ಹೇಳಲ್ಲ ಮರಿ, ಮಂಡಳಿ ಕೇಳಿದರೆ ಮಾತ್ರ ನನ್ನ ಕೈಲಿಲ್ಲ.' ಇಷ್ಟು ಕೇಳಿದ ಮೇಲೆ ಆ ಹುಡುಗ ಮಾತಾಡ್ತಾನಾ? ಸುಮ್ಮನೆ ಕೂತು, ಅವಧಿ ಮುಗಿಸಿ, ಹಾಜರಾತಿಗೆ ಸಹಿ ಹಾಕಿ ಹೊರಗೆ ಬರ್ತಾನೆ. ಕಡತದಲ್ಲಿ 'ಚಿಕಿತ್ಸೆ ಪೂರ್ಣಗೊಂಡಿದೆ' ಅಂತ ಬರೆದಿರತ್ತೆ. ಸಲ್ಯೂಷನ್ ಮಾರೋ ಅಂಗಡಿ ಅದೇ ಮೂಲೆಯಲ್ಲಿರತ್ತೆ.